ಕಾಡಿನ ಕೊನೆಯಲ್ಲಿ ಒಂದು ಕಡಲತೀರ

ಶಿವರಾತ್ರಿಯ ಹಿಂದಿನ ದಿನ ಬೆಳಗ್ಗೆ ಏಳು ಗಂಟೆಗೆ ಅಣ್ಣ, ಅತ್ತಿಗೆ, ನನ್ನ ಮಗಳು ಮತ್ತು ನಾನು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ರಾಧಾನಗರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಿಂತಿದ್ದೆವು. ಎಲಿಫೆಂಟ್ ಬೀಚ್ ಎಂಬ ಕಡಲತೀರಕ್ಕೆ ಕಾಡಿನ ಒಳಗಿಂದ ಸಾಗುವ ಕಾಲುದಾರಿ ಅಲ್ಲಿಂದ ಶುರುವಾಗುತ್ತದೆ. ಬಿಸಿಲೇರುವ ಮೊದಲೇ ಕಾಡು ದಾಟಿಬಿಡಿ ಎಂದು ನಾವು ಉಳಿದುಕೊಂಡಿದ್ದ ಕಡೆಯವರು ಹೇಳಿದ್ದರಿಂದ ಆರು ಗಂಟೆಗೇ ಎದ್ದು, ನೀರಿನ ಬಾಟಲಿ, ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡು ಬಂದಿದ್ದೆವು. ಆದರೆ ನಮಗೆ ದಾರಿ ತೋರಿಸಬೇಕಾಗಿದ್ದ ಗೈಡ್, ಇಪ್ಪತ್ತೈದು ವರ್ಷದ ಬಂಗಾಳಿ ಯುವಕ, ಈಗ ಹೋಗಿ ಪ್ರಯೋಜನವಿಲ್ಲ ಎಂದ. ನೀರು ತುಂಬುವ ಹೊತ್ತು ಇದು, ದಾರಿಯ ಕೊನೆಯ ಭಾಗ ಮುಳುಗಿರುತ್ತದೆ, ಹನ್ನೊಂದು ಗಂಟೆಗೆ ಬನ್ನಿ ಎಂದು ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದ.

ನನಗೂ ಮಗಳಿಗೂ ಬೇಸರವಾಯಿತು. ಅಣ್ಣನಿಗೆ ಆಗಲಿಲ್ಲ. ಕಾಸರಗೋಡಿನ ಕುಂಬಳೆ ಹೊಳೆಯ ಅಂಚಿನಲ್ಲಿ ತೆಂಗಿನ ತೋಟ ಇರುವವನು ಅವನು, ಹೊಳೆಗೆ ಉಪ್ಪುನೀರು ಏರುವುದನ್ನೂ ಇಳಿಯುವುದನ್ನೂ ಹುಟ್ಟಿದಂದಿನಿಂದ ನೋಡಿದವನು. "ನಾಡಿದ್ದು ಅಮಾವಾಸ್ಯೆ ಅಲ್ವಾ, ನೀರು ದೊಡ್ಡದೇ ಇರ್ತದೆ. ಅವ ಹೇಳುವುದು ಸರಿ ಉಂಟು" ಎಂದು ಪಂಚಾಂಗ ನೋಡಿದವನಂತೆ ಹೇಳಿ, ರಸ್ತೆಯಾಚೆಯ ಚಹಾದಂಗಡಿಯ ಕಡೆಗೆ ನಡೆದ. ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ, ದಿನದಿಂದ ದಿನಕ್ಕೆ ಅದರ ಹೊತ್ತು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇದನ್ನು ನಾನು ಶಾಲೆಯಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಓದಿ ಹೇಳಿದ್ದೇನೆ. ಆದರೆ ನನ್ನ ಸ್ವಂತ ನಡಿಗೆಯೊಂದನ್ನು ಚಂದ್ರನ ಲೆಕ್ಕಕ್ಕೆ ಒಪ್ಪಿಸಿ ನಾಲ್ಕು ಗಂಟೆ ಕಾದದ್ದು ಅದೇ ಮೊದಲು.

ಕಾದ ಆ ಹೊತ್ತಿನಲ್ಲಿ ರಸ್ತೆಯ ಎರಡೂ ಬದಿಯಲ್ಲಿ ಕಂಡದ್ದು ಅಡಿಕೆ ಮತ್ತು ತೆಂಗು. ಕಾಸರಗೋಡಿನಿಂದ ಮಂಗಳೂರಿಗೆ, ಅಲ್ಲಿಂದ ಚೆನ್ನೈಗೆ, ಚೆನ್ನೈಯಿಂದ ಶ್ರೀ ವಿಜಯಪುರಂ ಎಂದು 2024 ರಲ್ಲಿ ಹೆಸರು ಬದಲಾದ ಪೋರ್ಟ್ ಬ್ಲೇರಿಗೆ, ಮತ್ತೆ ಹಡಗಿನಲ್ಲಿ ಎರಡೂವರೆ ಗಂಟೆ ಪ್ರಯಾಣ ಮಾಡಿ ಬಂದರೆ ಕಣ್ಣೆದುರಿಗೆ ನಮ್ಮದೇ ತೋಟ. ಮಗಳು ಮೊಬೈಲಿನ ಭೂಪಟ ತೆರೆದು ತೋರಿಸಿದಾಗ ಕಾರಣ ತಿಳಿಯಿತು. ಈ ದ್ವೀಪ ಇರುವುದು ಹನ್ನೆರಡನೆಯ ಅಕ್ಷಾಂಶದ ಮೇಲೆ. ನಮ್ಮ ನೆರೆಯ ಕಣ್ಣೂರಿನ ಕಡಲಂಚಿನ ಗುಡ್ಡ ಏಳಿಮಲೆಯೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿದೆ. ಏಳಿಮಲೆಯಿಂದ ಗೆರೆ ಎಳೆದಂತೆ ನೇರವಾಗಿ ಪೂರ್ವಕ್ಕೆ ಸಾಗಿದರೆ ಇಡೀ ದಕ್ಷಿಣ ಭಾರತವನ್ನೂ ಬಂಗಾಳ ಕೊಲ್ಲಿಯನ್ನೂ ದಾಟಿ ಇಲ್ಲಿಗೇ ಬಂದು ಸೇರಬಹುದು. ಬಿಸಿಲು ಅದೇ, ಮಣ್ಣಿನ ತೇವವೂ ಅದೇ. ಸೂರ್ಯ ಮಾತ್ರ ನಮ್ಮೂರಿಗಿಂತ ಒಂದು ಗಂಟೆ ಹತ್ತು ನಿಮಿಷ ಮೊದಲು ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ ಆದ್ದರಿಂದ ಫೆಬ್ರವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು ಕವಿಯಲಾರಂಭಿಸುತ್ತದೆ. ಕಾಡಿಗೆ ಹೋಗುವವರು ಇದನ್ನು ಮರೆಯುವಂತಿಲ್ಲ.

ದ್ವೀಪದ ಊರುಗಳಿಗೆ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ ಎಂಬ ಹೆಸರುಗಳಿವೆ. ದೇಶ ವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು 1950ರ ದಶಕದಿಂದ ಇಲ್ಲಿ ನೆಲೆಯಾದ ವೈಷ್ಣವ ಕುಟುಂಬಗಳು ತಮ್ಮ ದೇವರ ಹೆಸರುಗಳನ್ನು ನೆಲಕ್ಕೆ ಇಟ್ಟುಕೊಂಡಿದ್ದಾರೆ. ದಕ್ಷಿಣ ಅಂಡಮಾನಿನಲ್ಲಿ ವಂಡೂರು, ಮಣ್ಣಾರ್‌ಘಾಟ್, ಕ್ಯಾಲಿಕಟ್ ಎಂಬ ಊರುಗಳಿರುವುದೂ ಹೀಗೆಯೇ. 1921ರ ಮಲಬಾರ್ ದಂಗೆಯ ನಂತರ ಗಡೀಪಾರಾದ ಮಲಬಾರಿನ ಮಾಪಿಳ್ಳೆ ಮುಸ್ಲಿಮರು ಹುಟ್ಟೂರಿನ ಹೆಸರನ್ನು ಕಡಲಾಚೆಗೆ ಒಯ್ದರು. ಎರಡು ದಿನದ ಹಿಂದೆ ನಮ್ಮನ್ನು ಸುತ್ತಿಸಿದ ಟ್ಯಾಕ್ಸಿಯವನು ಅಂಥದೊಂದು ಮನೆಯವನು. ಕಾಸರಗೋಡು ಎಂದೊಡನೆ ಮಲಯಾಳಕ್ಕೆ ತಿರುಗಿ, ತಾನು ಒಮ್ಮೆಯೂ ನೋಡದ ಮಲಪ್ಪುರದ ಬಗ್ಗೆ ಬಹಳ ಹೊತ್ತು ಮಾತನಾಡಿದ. ಭಾಷೆ ಬೇರೆ, ಊರು ಬೇರೆ ಎಂಬ ಸ್ಥಿತಿಯಲ್ಲೇ ಬದುಕುವ ನಮ್ಮಂಥ ಗಡಿನಾಡಿನವರಿಗೆ ಆ ಮಾತು ಬೇಗ ಅರ್ಥವಾಗುತ್ತದೆ.

ಆ ಟ್ಯಾಕ್ಸಿಯಲ್ಲಿ ನಾವು ಹೋದದ್ದು ಪೋರ್ಟ್ ಬ್ಲೇರಿನ ಹತ್ತಿರದ ಸಿಪ್ಪಿಘಾಟಿನ ಕಡೆಗೆ. ಕಾಸರಗೋಡಿನಲ್ಲಿ 1916 ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು ಇಂದು ಎಲ್ಲರೂ ಸಿಪಿಸಿಆರ್‌ಐ ಎಂದು ಕರೆಯುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಲ್ಲಿ ಬೇರೆ ಬೇರೆ ದೇಶಗಳ ತೆಂಗಿನ ತಳಿಗಳನ್ನು ನೆಟ್ಟು ಕಾಪಾಡಿದೆ ಎಂಬುದನ್ನು ಕೇಳಿದ್ದ ಅಣ್ಣ, ಆ ನೆಲವನ್ನು ದೂರದಿಂದಾದರೂ ನೋಡಲೇಬೇಕೆಂದಿದ್ದ. ಅಲ್ಲಿ ಅವನ ಗಮನ ಸೆಳೆದದ್ದು ಮಾತ್ರ ತೆಂಗಲ್ಲ. ಒಂದು ಕಾಲದಲ್ಲಿ ಗದ್ದೆಯಾಗಿದ್ದ ವಿಶಾಲ ಬಯಲಿನ ಮೇಲೆ ಉಪ್ಪುನೀರು ನಿಂತಿತ್ತು. 2004ರ ಡಿಸೆಂಬರ್ 26ರ ಬೆಳಗ್ಗೆ ಆರೂವರೆಯ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರಿನಷ್ಟು ತಗ್ಗಿತು, ಉತ್ತರ ಅಂಡಮಾನಿನ ತೀರ ಮೇಲೆದ್ದಿತು. ಸುನಾಮಿಯ ಅಲೆ ಬಂದು ಹೋಯಿತು; ತಗ್ಗಿದ ನೆಲಕ್ಕೆ ಬಂದ ಕಡಲು ಮಾತ್ರ ಹೋಗಲಿಲ್ಲ. ಅಣ್ಣ ಆ ನೀರಿನ ಅಂಚಿನಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಹೊಳೆಯ ಉಪ್ಪುನೀರು ತೋಟಕ್ಕೆ ನುಗ್ಗದಂತೆ ಅಂಚಿನ ಕಾಂಡ್ಲವನ್ನೆಲ್ಲ (ಮ್ಯಾಂಗ್ರೋವ್ ಗಿಡಗಳನ್ನೆಲ್ಲ) ಕಡಿದು ಉದ್ದಕ್ಕೆ ಕೆಂಪುಕಲ್ಲಿನ ಕಟ್ಟೆ ಕಟ್ಟಿಸಬೇಕೆಂದು ಊರಿನಲ್ಲಿ ಮೇಸ್ತ್ರಿಗೆ ಹೇಳಿಟ್ಟು ಬಂದಿದ್ದವನು ಅವನು.

ಹನ್ನೊಂದೂವರೆಗೆ ಗೈಡ್ ನಮ್ಮನ್ನು ಕಾಡಿನೊಳಗೆ ಕರೆದೊಯ್ದ. ದಾರಿ ಎರಡು ಕಿಲೋಮೀಟರಿನಷ್ಟು. ಮೊದಲ ಸ್ವಲ್ಪ ಏರು, ಆಮೇಲೆ ಸಮತಟ್ಟು, ನಂತರ ಕಡಲಿನ ಕಡೆಗೆ ಇಳಿಜಾರು. ನಡೆದು ರೂಢಿಯಿದ್ದವರಿಗೆ ಮುಕ್ಕಾಲು ಗಂಟೆಯ ಕೆಲಸ. ಮೊಣಕಾಲು ನೋವಿನ ಅತ್ತಿಗೆಯ ಜೊತೆ ನಿಧಾನವಾಗಿ ನಡೆದ ನಮಗೆ ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಇದೇ ತೀರಕ್ಕೆ ಜೆಟ್ಟಿಯಿಂದ ಸ್ಪೀಡ್ ಬೋಟಿನಲ್ಲಿ ಇಪ್ಪತ್ತು ನಿಮಿಷಗಳಲ್ಲಿ ಹೋಗಬಹುದು, ಹೆಚ್ಚಿನವರು ಹೋಗುವುದೂ ಹಾಗೆಯೇ. ನಡೆಯಲು ಕಾಲಿರುವವರು ನಡೆದೇ ಹೋಗಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಬೋಟಿನಲ್ಲಿ ಹೋದವರಿಗೆ ಕಡಲತೀರ ಮಾತ್ರ ಸಿಗುತ್ತದೆ, ಆ ತೀರ ಯಾವುದರ ತುದಿ ಎಂಬುದು ಕಾಣುವುದಿಲ್ಲ.

ಒಳಗೆ ಹೋಗುತ್ತಿದ್ದಂತೆ ಬೆಳಕು ಹಸಿರಾಗಿ ತಗ್ಗಿತು. ಮೂರಾಳು ಕೈಚಾಚಿ ಹಿಡಿದರೂ ಸುತ್ತು ಮುಗಿಯದ ಮರಗಳು, ಬುಡದಲ್ಲಿ ಹಲಗೆ ನಿಲ್ಲಿಸಿದಂತೆ ನಾಲ್ಕೂ ಕಡೆ ಹರಡಿದ ಬೇರುಗಳು, ಅವುಗಳ ನಡುವೆ ಕೈಗೆ ಮುಳ್ಳು ತಾಗಿಸುವ ಬೆತ್ತದ ಬಳ್ಳಿ. ಗೈಡ್ ಒಂದು ಮರವನ್ನು ತಟ್ಟಿ ಪಡೌಕ್ ಎಂದ. ಕೆಂಪು ತಿರುಳಿನ ಈ ಮರ ಅಂಡಮಾನಿನ ರಾಜ್ಯ ವೃಕ್ಷ, ಊರಿನ ಹೊನ್ನೆ ಮರದ ಸಂಬಂಧಿ. ಮತ್ತೊಂದು ಕಡೆ ಕಂಬದಂತೆ ನೇರ ಮೇಲೇರಿದ ಗುರ್ಜನ್ ಮರದ ಕೆಳಗೆ ಮಗಳು ಒಣಗಿದ ಕಾಯಿಯೊಂದನ್ನು ಹೆಕ್ಕಿದಳು. ಗುಂಡಗಿನ ಕಾಯಿ, ಅದರ ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಉದ್ದ ರೆಕ್ಕೆ, ರೆಕ್ಕೆಯ ಮೇಲೆ ಎಲೆಯ ಮೇಲಿರುವಂಥ ನರಗಳು. ಅಣ್ಣ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದು ನಮ್ಮ ಕಿರಾಲುಬೋಗಿಯ ಜಾತಿ ಅಲ್ವಾ" ಎಂದ. ಅವನು ಹೇಳಿದ್ದು ನಿಜ. ತುಳುನಾಡಿನ ಹಳೆಯ ಮನೆಗಳ ತೊಲೆಗಳಿಗೆ ಬಳಸುತ್ತಿದ್ದ ಕಿರಾಲುಬೋಗಿಯೂ ಗುರ್ಜನ್ನೂ ಒಂದೇ ಕುಟುಂಬದ ಮರಗಳು. ಬೋಗಿಯ ಕಾಯಿಗೂ ಇಂಥದೇ ಎರಡು ರೆಕ್ಕೆ, ಗಾತ್ರ ಮಾತ್ರ ಚಿಕ್ಕದು. ಮಗಳು ಕಾಯಿಯನ್ನು ಮೇಲಕ್ಕೆಸೆದಳು. ಅದು ಬುಗುರಿಯಂತೆ ಸುತ್ತುತ್ತ ನಿಧಾನವಾಗಿ ಇಳಿದು ಹಿಂದೆ ಬಿದ್ದಿದ್ದ ಜಾಗದ ಹತ್ತಿರವೇ ಬಿತ್ತು.

ಈ ಕಾಡಿನ ಮೌನಕ್ಕೆ ಒಂದು ಕಾರಣವಿದೆ. ಅಂಡಮಾನಿನಲ್ಲಿ ಹುಲಿ ಚಿರತೆಗಳಿಲ್ಲ, ಮಂಗಗಳೂ ಇಲ್ಲ. ಮಂಗ ಇರುವುದು ಇನ್ನೂ ದಕ್ಷಿಣದ ನಿಕೋಬಾರಿನಲ್ಲಿ. ಅಡಿಕೆ ತೋಟಗಳ ನಡುವೆ ಮಂಗನನ್ನು ಓಡಿಸುವ ಗರ್ನಾಲಿನ ಸದ್ದಿಲ್ಲದೆ ಬೆಳಗು ಕಳೆಯುವ ಊರು ಇದೆ ಎಂಬುದನ್ನು ಅಣ್ಣ ಎರಡೆರಡು ಬಾರಿ ಕೇಳಿ ಖಚಿತಪಡಿಸಿಕೊಂಡ. ಆನೆ ಕೂಡ ಈ ನೆಲದ್ದಲ್ಲ. ಮರ ಎಳೆಯಲೆಂದು ಮುಖ್ಯಭೂಮಿಯಿಂದ ಆನೆಗಳನ್ನು ತಂದರು, ಒಂದು ದ್ವೀಪದಿಂದ ಇನ್ನೊಂದಕ್ಕೆ ಕಡಲಲ್ಲಿ ಈಜಿಸಿ ಒಯ್ದರು. ಈಜುವ ಆನೆಯೆಂದು ಜಗತ್ತಿಗೆಲ್ಲ ಪರಿಚಿತವಾಗಿದ್ದ ರಾಜನ್ ತನ್ನ ಕೊನೆಯ ವರ್ಷಗಳನ್ನು ಇದೇ ದ್ವೀಪದಲ್ಲಿ ಕಳೆದು 2016 ರಲ್ಲಿ ತೀರಿಕೊಂಡಿತು. 2002ರ ಸುಪ್ರೀಂ ಕೋರ್ಟಿನ ಆದೇಶದ ಬಳಿಕ ಈ ದ್ವೀಪಗಳಲ್ಲಿ ವ್ಯಾಪಾರಕ್ಕಾಗಿ ಮರ ಕಡಿಯುವುದು ಬಹುಮಟ್ಟಿಗೆ ನಿಂತಿತು. ನಾವು ತಲೆಯೆತ್ತಿ ನೋಡುತ್ತಿದ್ದ ಮರಗಳು ಇನ್ನೂ ನಿಂತಿರುವುದರಲ್ಲಿ ಆ ಆದೇಶದ ಪಾಲೂ ಇದೆ.

ಇಳಿಜಾರು ಮುಗಿದೊಡನೆ ಕಾಲಿನ ಕೆಳಗಿನ ನೆಲ ಬದಲಾಯಿತು. ಕೆಂಪು ಮಣ್ಣು ಕಪ್ಪಾಯಿತು, ಕಪ್ಪು ಮೆತ್ತಗಾಯಿತು, ಮೆತ್ತಗಾದದ್ದು ಕೆಸರಾಯಿತು. ಬೆಳಗ್ಗೆ ನಮ್ಮನ್ನು ತಡೆದ ಜಾಗ ಇದು. ಮರಗಳ ಕಾಂಡದಲ್ಲಿ ನನ್ನ ಸೊಂಟದ ಎತ್ತರಕ್ಕೆ ಇನ್ನೂ ಒದ್ದೆಯ ಗೆರೆಯಿತ್ತು. ನಾಲ್ಕು ಗಂಟೆ ಮೊದಲು ಬಂದಿದ್ದರೆ ಅತ್ತಿಗೆಯೂ ನಾನೂ ಆ ನೀರಿನಲ್ಲಿ ಬೇರು ಕಾಣದೆ ಎಡವುತ್ತ ಏನಾಗುತ್ತಿದ್ದೆವೋ! ನೀರಿಲ್ಲದಾಗಲೂ ದಾರಿ ಸುಲಭವಾಗಿರಲಿಲ್ಲ. ಒಂದು ಕಡೆ ಗೈಡ್ ತೋರಿಸಿದ ಬೇರನ್ನು ಬಿಟ್ಟು ಪಕ್ಕಕ್ಕೆ ಕಾಲಿಟ್ಟೆ, ಮೊಣಕಾಲಿನವರೆಗೆ ಹೂತುಹೋಯಿತು. ಎಳೆದಷ್ಟೂ ಕೆಸರು ಹಿಡಿದುಕೊಂಡಿತು. ಗೈಡ್ ಹಿಂದೆ ಬಂದು, ಹಿಮ್ಮಡಿಯನ್ನು ಮೊದಲು ಎತ್ತಿ ಎಂದು ಹೇಳಿಕೊಟ್ಟು, ತೋಳು ಹಿಡಿದು ಎತ್ತಿದ. ಕಾಲು ಬಂತು, ಚಪ್ಪಲಿ ಒಳಗೇ ಉಳಿಯಿತು. ಅವನು ಭುಜದವರೆಗೆ ಕೈ ಇಳಿಸಿ ಅದನ್ನು ಹುಡುಕಿ ತೆಗೆದು, ತೊರೆಯಲ್ಲಿ ತೊಳೆದು ಕೈಗಿತ್ತ. ಕಾಡಿನಲ್ಲಿ ಯಾವುದನ್ನೂ ಬಿಟ್ಟುಹೋಗಬಾರದು ಎಂದಷ್ಟೇ ಹೇಳಿದ. ಈ ದಾರಿಗೆ ಹೋಗುವವರು ಹಿಂದೆ ಪಟ್ಟಿಯಿರುವ ಚಪ್ಪಲಿಯನ್ನೇ ಹಾಕಿಕೊಳ್ಳಬೇಕು.

ಕಾಂಡ್ಲದ ಕಾಡನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲಿ. ಕುಂಬಳೆಯಲ್ಲಿ ಅದು ಅಣ್ಣನ ತೋಟದ ಅಂಚಿನ ಪೊದೆ, ಸೊಳ್ಳೆಯ ಮನೆ, ಅಷ್ಟೇ ಆಗಿತ್ತು. ಇಲ್ಲಿ ಅದು ತಲೆಯ ಮೇಲೆ ಮುಚ್ಚಿಕೊಂಡಿತ್ತು. ಕೆಲವು ಮರಗಳ ಬೇರುಗಳು ಕಾಂಡದಿಂದ ಕಮಾನಾಗಿ ಇಳಿದು ಕೆಸರಿನಲ್ಲಿ ಊರುಗೋಲಿನಂತೆ ನಿಂತಿದ್ದವು; ಇನ್ನು ಕೆಲವದರ ಬೇರುಗಳು ಕೆಸರಿನಿಂದ ಮೇಲಕ್ಕೆ, ನೂರಾರು ಸಂಖ್ಯೆಯಲ್ಲಿ, ನೆಟ್ಟ ಮೊಳೆಗಳಂತೆ ಎದ್ದಿದ್ದವು. ಈ ಕೆಸರಿನೊಳಗೆ ಗಾಳಿಯಿಲ್ಲ. ಆದ್ದರಿಂದ ನೀರು ಇಳಿದಿರುವ ಹೊತ್ತಿನಲ್ಲಿ ಆ ಮೊಳೆಬೇರುಗಳ ಮೂಲಕ ಮರ ಉಸಿರಾಡಿಕೊಳ್ಳುತ್ತದೆ. ನೆಲ ತಗ್ಗಿ ನೀರು ಇಳಿಯುವುದೇ ನಿಂತರೆ ಅದಕ್ಕೆ ಉಸಿರಾಡುವ ಹೊತ್ತು ಸಿಗುವುದಿಲ್ಲ. ಅಣ್ಣ ಸಿಪ್ಪಿಘಾಟಿನಲ್ಲಿ ನೋಡಿದ್ದ ಬೋಳು ಒಣಮರಗಳ ಸಾಲಿನ ಅರ್ಥ ಈಗ ಅವನಿಗೆ ಹೊಳೆದಿರಬೇಕು. ಒಂದು ಮೊಳೆಬೇರನ್ನು ಬೆರಳಿನಿಂದ ಮುಟ್ಟಿ, ಮೃದುವಾಗಿದೆ ಎಂದ.

ಕೊಂಬೆಯಿಂದ ನುಗ್ಗೆಕಾಯಿಯಂತೆ ಹಸಿರಾಗಿ ಇಳಿಬಿದ್ದಿದ್ದ ಒಂದನ್ನು ಮಗಳು ಕೇಳಿದಳು. ಅದು ಕಾಯಲ್ಲ, ಸಸಿ. ಕಾಂಡ್ಲದ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು ಗೇಣುದ್ದ ಬೆಳೆದು, ಆಮೇಲೆ ಕಳಚಿಕೊಳ್ಳುತ್ತದೆ. ನೀರು ಇಳಿದಿದ್ದರೆ ಕೆಸರಿಗೆ ಚುಚ್ಚಿ ನಿಲ್ಲಬಹುದು, ನೀರು ತುಂಬಿದ್ದರೆ ತೇಲಿಹೋಗಿ ಬೇರೆಲ್ಲೋ ನೆಲ ಹಿಡಿಯಬಹುದು. ನೆರೆಯ ಕಣ್ಣೂರು ಜಿಲ್ಲೆಯ ಕಲ್ಲೇನ್ ಪೊಕ್ಕುಡನ್ ಎಂಬ ಹಿರಿಯರು ಇಂಥ ಸಸಿಗಳನ್ನು ಹೆಕ್ಕಿ ಪಳಯಂಗಾಡಿಯ ಹೊಳೆಯಂಚಿನಲ್ಲಿ ವರ್ಷಗಟ್ಟಲೆ ನೆಟ್ಟವರು, 2015 ರಲ್ಲಿ ತೀರಿಕೊಂಡರು. ಅವರ ಕುರಿತು ತರಗತಿಯಲ್ಲಿ ಹೇಳಿದ್ದೇನೆ. ಅವರ ಕೈಯಲ್ಲಿದ್ದದ್ದು ಏನೆಂದು ತಿಳಿದದ್ದು, ಆ ತಣ್ಣಗಿನ ನುಣುಪಾದ ಹಸಿರು ಕೋಲನ್ನು ಕಿತ್ತುಕೊಳ್ಳದೆ, ತೂಗುತ್ತಿದ್ದ ಹಾಗೆಯೇ ಹಿಡಿದಾಗ.

ಕಾಂಡ್ಲ ತೆಳುವಾಗುತ್ತ ಬಂದು, ಸುರಹೊನ್ನೆಯ ದಪ್ಪ ಎಲೆಗಳ ನಡುವೆ ಒಮ್ಮೆಲೇ ನೀಲಿ ಕಂಡಿತು.

ಆ ತೀರ ಪೂರ್ತಿಯಾಗಿ ನಿರ್ಜನ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೋಟುಗಳು ಬಂದು ನಿಲ್ಲುವ ಆಚೆಯ ತುದಿಯಲ್ಲಿ ಜನರಿದ್ದರು, ಕಡಲಾಟದ ಯಂತ್ರಗಳ ಸದ್ದು ಗಾಳಿ ತಿರುಗಿದಾಗ ಕೇಳುತ್ತಿತ್ತು. ಆದರೆ ಕಾಡಿನ ದಾರಿ ಬಂದು ಸೇರುವ ಈಚೆಯ ತುದಿಯಲ್ಲಿ ನಾವು ಐವರನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ. ಬುಡಸಮೇತ ಕಿತ್ತುಬಿದ್ದು ಬಿಳುಚಿದ ದೊಡ್ಡ ದೊಡ್ಡ ಮರಗಳು ಮರಳಿನ ಮೇಲೆ ಅಡ್ಡಲಾಗಿ ಮಲಗಿದ್ದವು. ಸುನಾಮಿಯಲ್ಲಿ ಬಿದ್ದವು ಎಂದು ಗೈಡ್ ಹೇಳಿದ. ಆ ಮುಂಜಾನೆ ತನ್ನನ್ನು ಅಮ್ಮ ಎತ್ತಿಕೊಂಡು ಗುಡ್ಡ ಹತ್ತಿದ್ದಳಂತೆ ಎಂದೂ, ತನಗೆ ಅದೊಂದೂ ನೆನಪಿಲ್ಲವೆಂದೂ ಸೇರಿಸಿದ. ಆ ಭಾನುವಾರ ಮೀನು ತರಲು ಹೋದವರು ಕಡಲಿನ ಸುದ್ದಿ ಹೇಳಿದ್ದು, ಮಧ್ಯಾಹ್ನ ಟಿ.ವಿ.ಯಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡಿನ ಹೆಣಗಳ ಸಾಲು ನೋಡಿ ಊಟ ಬಿಟ್ಟದ್ದು ನನಗೆ ನೆನಪಿದೆ. ಅದೇ ಅಲೆ ಅದೇ ದಿನ ಇಲ್ಲಿಯೂ ಬಂದಿತ್ತು. ನಾನು ಕುಳಿತಿದ್ದ ಮರದ ದಿಮ್ಮಿಯ ಮೈ ಮೂಳೆಯಂತೆ ನುಣುಪಾಗಿತ್ತು, ಅದರ ಸೀಳಿನಲ್ಲಿ ಸನ್ಯಾಸಿ ಏಡಿಗಳು ಶಂಖ ಹೊತ್ತು ಓಡಾಡುತ್ತಿದ್ದವು.

ಮರಳು ನಮ್ಮಲ್ಲಿನಂತಿರಲಿಲ್ಲ. ಬೇಕಲದಲ್ಲಾಗಲಿ ಕುಂಬಳೆಯಲ್ಲಾಗಲಿ ಕಾಲಿಗೆ ತಾಗುವ ಮರಳು ಘಟ್ಟದ ಬಂಡೆ ಸವೆದು ಚಂದ್ರಗಿರಿ, ಶಿರಿಯ ಹೊಳೆಗಳಲ್ಲಿ ಇಳಿದು ಬಂದದ್ದು. ಇದು ಕಡಲಿನಲ್ಲೇ ಹುಟ್ಟಿದ್ದು. ಹವಳ ಮತ್ತು ಚಿಪ್ಪುಗಳ ಪುಡಿ ಇದು. ಹವಳವನ್ನು ಕಡಿದು ತಿನ್ನುವ ಗಿಳಿಮೀನುಗಳು ಹೊರಹಾಕಿದ ಪುಡಿಯೂ ಇದರಲ್ಲಿ ಸೇರಿದೆ. ಅಂಗೈಯಲ್ಲಿ ಹಿಡಿದು ನೋಡಿದರೆ ಒಂದೊಂದು ಕಣಕ್ಕೂ ಒಂದೊಂದು ಆಕಾರ: ಮುರಿದ ಕೊಂಬೆ, ಚಿಪ್ಪಿನ ಅಂಚು, ರಂಧ್ರಗಳಿರುವ ಸಣ್ಣ ತುಂಡು. ಮಗಳು ಸ್ನಾರ್ಕೆಲ್ ಕಟ್ಟಿಕೊಂಡು ಗೈಡ್ ತೋರಿಸಿದ ಕಡೆಯಲ್ಲಿ, ಯಾವುದರ ಮೇಲೂ ಕಾಲೂರದೆ ತೇಲಿ ಬಂದು, ಕೆಲವು ಹವಳಗಳು ಬಣ್ಣ ಬಣ್ಣವಾಗಿವೆ, ಕೆಲವು ಸುಣ್ಣದಂತಿವೆ ಎಂದಳು. ಹವಳ ಜೀವಿ, ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯಿಂದಲೇ ಅದಕ್ಕೆ ಬಣ್ಣವೂ ಹೆಚ್ಚಿನ ಆಹಾರವೂ. ಕಡಲು ಅತಿಯಾಗಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಗಳು ಹೀಗೆ ವ್ಯಾಪಕವಾಗಿ ಬಿಳುಚಿದ್ದವು. ಮಗಳು ಚಿಪ್ಪು ತುಂಬಿಸಲೆಂದು ಒಂದು ಖಾಲಿ ಡಬ್ಬ ತಂದಿದ್ದಳು. ಸನ್ಯಾಸಿ ಏಡಿಯೊಂದು ಶಂಖ ಸಿಗದೆ ಬಾಟಲಿಯ ನೀಲಿ ಮುಚ್ಚಳ ಹೊತ್ತುಕೊಂಡು ಹೋಗುವುದನ್ನು ನೋಡಿದ ಮೇಲೆ ಡಬ್ಬದಲ್ಲಿ ಪ್ಲಾಸ್ಟಿಕ್ ಹೆಕ್ಕಿ ತುಂಬಿಸಿದಳು. ನೀರಿನ ಗೆರೆಯುದ್ದಕ್ಕೂ ಅಂಥ ಬಾಟಲಿಗಳಿದ್ದವು, ಕೆಲವದರ ಮೇಲಿನ ಲಿಪಿ ನಮ್ಮ ದೇಶದ್ದಲ್ಲ.

ಅಣ್ಣ ನೀರಿಗಿಳಿಯಲಿಲ್ಲ. ಕಡಲಿಗೆ ಬೆನ್ನು ಹಾಕಿ ಕಾಡನ್ನು ನೋಡುತ್ತ ಕುಳಿತಿದ್ದ. ಅವನು ಏನು ನೋಡುತ್ತಿದ್ದಾನೆಂದು ಹತ್ತಿರ ಹೋಗಿ ಕುಳಿತಾಗ ತಿಳಿಯಿತು. ಮರಳು, ಮರಳಿನ ಮೇಲೆ ಹಬ್ಬಿದ ಬಳ್ಳಿ, ಅದರ ಹಿಂದೆ ಮುಂಡಕದ ಪೊದೆ, ಸುರಹೊನ್ನೆ, ಕಾಂಡ್ಲ, ಅದರಾಚೆ ಏರುತ್ತ ಹೋಗುವ ಹೆಮ್ಮರಗಳು. ಎಲ್ಲಿಯೂ ಒಂದು ಕಲ್ಲು ಇರಲಿಲ್ಲ. ಮಂಜೇಶ್ವರದಿಂದ ಉಪ್ಪಳ, ಕುಂಬಳೆಯವರೆಗೆ ಪ್ರತಿ ಮಳೆಗಾಲವೂ ಕಡಲು ಕೊರೆಯುವುದನ್ನು, ತೆಂಗಿನ ಮರಗಳು ಬೇರು ತೋರಿಸುತ್ತ ಒರಗುವುದನ್ನು, ಮತ್ತೆ ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ನೋಡುತ್ತ ಬೆಳೆದ ನಮಗೆ ಕಡಲತೀರವೆಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಗೋಡೆ. ಇಲ್ಲಿಗೆ ಬಂದದ್ದು ಸುನಾಮಿ, ಈ ಕಾಡಿಗೂ ಅದು ಹೊಡೆದಿದೆ, ಮುಂದಿನ ಸಾಲು ಬಿದ್ದಿದೆ. ಹಿಂದಿನ ಸಾಲು ನಿಂತಿದೆ. ಬಿದ್ದ ಮರಗಳ ನಡುವೆ ಹೊಸ ಸಸಿಗಳು ಎದ್ದಿವೆ.

ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಗೈಡ್ ಎದ್ದು ನಿಂತ. ಒಂದೂವರೆಯ ಹೊತ್ತಿಗೆ ತೀರಾ ಇಳಿದಿದ್ದ ನೀರು ಮತ್ತೆ ಏರಲು ಶುರುವಾಗಿತ್ತು. ಎರಡೂವರೆಗೆ ನಾವು ಹೊರಟಾಗ ಬರುವಾಗ ಒಣಗಿದ್ದ ಕಾಲುವೆಯೊಂದರಲ್ಲಿ ಪಾದ ಮುಳುಗುವಷ್ಟು ನೀರು ಕಾಡಿನ ಒಳಗಡೆಗೆ ಹರಿಯುತ್ತಿತ್ತು. ನನ್ನ ಕಾಲು ಹೂತಿದ್ದ ಗುಂಡಿ ತುಂಬಿ ಸಮವಾಗಿತ್ತು. ಅತ್ತಿಗೆ ಏರುದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ನಾಲ್ಕು ಗಂಟೆಯ ಮೊದಲೇ ರಸ್ತೆ ಸೇರಿ, ಅದೇ ಅಂಗಡಿಯಲ್ಲಿ ಚಹಾ ಕುಡಿದೆವು.

ಊರಿಗೆ ಬಂದ ಎರಡನೆಯ ವಾರ ಮೇಸ್ತ್ರಿ ಅಣ್ಣನ ತೋಟಕ್ಕೆ ಬಂದಾಗ ನಾನೂ ಅಲ್ಲಿದ್ದೆ. ನೀರು ಇಳಿದಿದ್ದ ಹೊತ್ತು ಅದು. ಕಟ್ಟೆಯೇ ಬೇಡ ಎಂದು ಅಣ್ಣ ಹೇಳಲಿಲ್ಲ. ಉಪ್ಪುನೀರಿನ ಭಯ ಅವನಿಗೆ ಈಗಲೂ ಇದೆ. ಕಾಂಡ್ಲದ ಒಂದು ಕೊಂಬೆಯನ್ನೂ ಕಡಿಯದೆ, ಅದರಿಂದ ಹನ್ನೆರಡು ಅಡಿ ಒಳಗೆ ಹಗ್ಗ ಹಿಡಿಯಲು ಹೇಳಿದ. ಹಾಗೆ ಮಾಡಿದರೆ ಒಂದು ಸಾಲು ತೆಂಗು ಕಟ್ಟೆಯಿಂದ ಹೊರಗೆ ಉಳಿಯುತ್ತದೆ ಎಂದು ಮೇಸ್ತ್ರಿ ಎರಡು ಬಾರಿ ನೆನಪಿಸಿದರು. "ಉಳಿಯಲಿ" ಎಂದು ಅಣ್ಣ ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡು ಹೋಗಿ ಗೂಟಕ್ಕೆ ಕಟ್ಟಿದ.